ಹತ್ತಕ್ಕೆ ಎಂಟು, ಆಮೇಲೆ ಆರು

ಪ್ರಶ್ನೆ: ಮಾನ್ಯರೇ, ನಾನು ತುಮಕೂರಿನಲ್ಲಿ ಬಿ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ. ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಏಳು ದಿನ ನಡೆದ, ಐವತ್ತು ಜನರ ನಮ್ಮ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಶಿಬಿರಕ್ಕೆ ನಾಯಕಿಯಾಗಿದ್ದೆ. ಶಿಬಿರಕ್ಕೆ ಮೊದಲು ನಮ್ಮ ನಾಯಕತ್ವಕ್ಕೆ ನಾವೇ ಹತ್ತಕ್ಕೆ ಅಂಕ ಕೊಟ್ಟುಕೊಳ್ಳಬೇಕಿತ್ತು. ನಾನು ಎಂಟು ಬರೆದಿದ್ದೆ. ಮುಗಿದ ಮೇಲೆ ಮತ್ತೆ ಕೇಳಿದಾಗ ಆರಕ್ಕಿಂತ ಹೆಚ್ಚು ಬರೆಯಲು ಮನಸ್ಸಾಗಲಿಲ್ಲ. ‘ನಾಯಕಿಯಾಗಿ ನನ್ನ ಬೆಳವಣಿಗೆ’ ಎಂಬ ಎರಡು ಪುಟದ ಬರಹದಲ್ಲಿ ಆತ್ಮವಿಶ್ವಾಸ, ಸಮಯಪಾಲನೆ, ಸಂವಹನ ಕೌಶಲ ಹೆಚ್ಚಿದವೆಂದು ಬರೆದುಕೊಟ್ಟೆ. ‘ಇದರಲ್ಲಿ ನೀನೆಲ್ಲಿದ್ದೀಯಮ್ಮ?’ ಎಂದು ಮೇಡಂ ಹಿಂದಿರುಗಿಸಿದರು. ಮೂರನೆಯ ರಾತ್ರಿ ಮುದ್ದೆ ಗಂಟಾಗುತ್ತಿದೆಯೆಂದು ಜೂನಿಯರ್ ಹುಡುಗನ ಕೈಯಿಂದ ಕೋಲು ಕಿತ್ತುಕೊಂಡು ನಾನೇ ತೊಳಸಿದ್ದು, ಆಮೇಲೆ ಅಡುಗೆಯ ಪಾಳಿಯನ್ನು ಹೆಚ್ಚುಕಡಿಮೆ ಒಬ್ಬಳೇ ಹೊತ್ತದ್ದು ಬಿಟ್ಟರೆ ಶಿಬಿರದಲ್ಲಿ ಹೇಳಿಕೊಳ್ಳುವಂಥದ್ದೇನೂ ನಡೆಯಲಿಲ್ಲ. ನಾನು ಬೆಳೆದೆನೋ, ಕುಗ್ಗಿದೆನೋ? 
— ಹೆಸರು ಬೇಡ, ತುಮಕೂರು

ಉತ್ತರ: ಮೊದಲು ಅಂಕದ ಮಾತು. ಎಂಟು ಬರೆದಾಗ ನೀವು ಐವತ್ತು ಜನರ ಶಿಬಿರವನ್ನು ನಡೆಸಿರಲಿಲ್ಲ; ನಾಯಕತ್ವವೆಂದರೆ ವೇದಿಕೆಯಲ್ಲಿ ಅಳುಕದೆ ಮಾತಾಡುವುದು ಎಂಬಷ್ಟೇ ನಿಮ್ಮ ಮನಸ್ಸಿನಲ್ಲಿ ಇದ್ದಿರಬಹುದು. ಏಳು ದಿನ ಕಳೆಯುವಷ್ಟರಲ್ಲಿ ಅಳತೆಗೋಲೇ ಉದ್ದವಾಯಿತು, ಅಂಕ ಇಳಿಯಿತು. ತರಬೇತಿಗಳ ಫಲವನ್ನು ಅಳೆಯುವವರಿಗೆ ಇದು ಚೆನ್ನಾಗಿ ಗೊತ್ತಿರುವ ತೊಡಕು. ಆದ್ದರಿಂದಲೇ ಅವರಲ್ಲಿ ಕೆಲವರು ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಸೇರಿಸುತ್ತಾರೆ: ಈಗ ತಿಳಿದಿರುವುದನ್ನು ಇಟ್ಟುಕೊಂಡು ನೋಡಿದರೆ, ಅಂದು ನೀವು ನಿಜವಾಗಿ ಎಷ್ಟಿದ್ದಿರಿ? ನೀವೂ ಕೇಳಿಕೊಳ್ಳಿ. ಉತ್ತರ ನಾಲ್ಕು ಎಂದು ಬಂದರೆ, ನೀವು ಇಳಿದದ್ದಲ್ಲ, ನಾಲ್ಕರಿಂದ ಆರಕ್ಕೆ ಏರಿದ್ದೀರಿ. ಹಳೆಯ ಎಂಟನ್ನು ಮಾತ್ರ ಅಳಿಸಬೇಡಿ, ಅದೂ ಬರಹಕ್ಕೆ ಬೇಕು.

ಇನ್ನು ಮುದ್ದೆ ಕೋಲು. ‘ಬಿಟ್ಟರೆ’ ಎಂದು ನೀವು ಪಕ್ಕಕ್ಕೆ ಸರಿಸಿದ ವಾಕ್ಯದಲ್ಲೇ ನಿಮ್ಮ ಎರಡು ಪುಟಗಳಿವೆ. ಐವತ್ತು ಜನ ಹಸಿದು ಕೂತಿದ್ದ ಆ ರಾತ್ರಿ ಕೋಲು ಕಿತ್ತುಕೊಂಡದ್ದು ತಪ್ಪೆಂದು ನಾನು ಹೇಳಲಾರೆ. ಕಿತ್ತುಕೊಂಡ ರೀತಿ ಬೇರೆಯಾಗಬಹುದಿತ್ತು, ಅಷ್ಟೆ. ನನಗೆ ಕುತೂಹಲವಿರುವುದು ನಾಲ್ಕನೆಯ ದಿನದ ಬಗ್ಗೆ. ಅಂದು ಅವಸರವಿರಲಿಲ್ಲ, ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹಿಟ್ಟು ಯಾವಾಗ ಸುರಿಯಬೇಕು, ಕೋಲನ್ನು ಹೇಗೆ ಒತ್ತಿ ತಿರುಗಿಸಬೇಕು ಎಂದು ತೋರಿಸಲು ಸಮಯವಿತ್ತು. ಮೊದಲ ಸಲವೇ ಗಂಟಿಲ್ಲದೆ ತೊಳಸಿದವರನ್ನು ನಮ್ಮ ಸೀಮೆಯಲ್ಲಿ ನಾನಂತೂ ಕಂಡಿಲ್ಲ. ಹಾಗಿದ್ದೂ ಪಾಳಿ ನಿಮ್ಮ ಹೆಗಲಿಗೇ ಯಾಕೆ ಬಂತು? ಇನ್ನೊಮ್ಮೆ ಕೆಟ್ಟರೆ ಬೈಗುಳ ನಿಮ್ಮ ಪಾಲಿಗೆ ಬರುತ್ತದೆಂಬ ಭಯವೇ, ‘ಅಕ್ಕ ಇದ್ದರೆ ಚಿಂತೆಯಿಲ್ಲ’ ಎನ್ನಿಸಿಕೊಳ್ಳುವ ಸುಖವೇ, ಅಥವಾ ಹೇಳಿಕೊಡುವುದಕ್ಕಿಂತ ಮಾಡಿ ಮುಗಿಸುವುದೇ ಸುಲಭವೆಂಬ ಅಭ್ಯಾಸವೇ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರಿಸಿದರೆ ಮೇಡಂ ಹುಡುಕಿದ ‘ನೀನು’ ಅಲ್ಲಿ ಸಿಗುತ್ತೀರಿ.

ಇಂಥ ಬರಹಕ್ಕೆ ಚೌಕಟ್ಟುಗಳೂ ಇವೆ. ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಮೆಟ್ಟಿಲುಗಳು, ಅಂದರೆ ನಡೆದದ್ದು, ಅನ್ನಿಸಿದ್ದು, ಒಳಿತು-ಕೆಡುಕು, ಕಾರಣ, ತೀರ್ಮಾನ, ಮುಂದಿನ ಹೆಜ್ಜೆ, ಇಂದಿಗೂ ಬಳಕೆಯಲ್ಲಿವೆ. ಒಂದೇ ಘಟನೆಗೆ ಹೊಂದಿಸಿದರೆ ಉಪಯುಕ್ತ. ಏಳು ದಿನಕ್ಕೂ ಹೊಂದಿಸಹೊರಟರೆ ಅರ್ಜಿ ನಮೂನೆ ತುಂಬಿದಂತಾಗುತ್ತದೆ.

ಬರೆಯುವ ಮೊದಲು ಆ ಹುಡುಗನನ್ನು ಒಮ್ಮೆ ಮಾತಾಡಿಸಿ. ಕ್ಷಮೆ ಕೇಳುವುದು ನಿಮಗೆ ಬಿಟ್ಟದ್ದು; ಆ ರಾತ್ರಿ ಅವನಿಗೇನನ್ನಿಸಿತು ಎಂಬುದನ್ನು ಮಾತ್ರ ಕೇಳಿ, ನಡುವೆ ಸಮರ್ಥನೆ ಹೇಳದೆ ಕೇಳಿಸಿಕೊಳ್ಳಿ. ನಾಯಕತ್ವ ಇಬ್ಬರ ನಡುವೆ ನಡೆಯುವ ಸಂಗತಿಯಾದ್ದರಿಂದ ಒಬ್ಬರ ಸಾಕ್ಷ್ಯ ಸಾಲದು. ಅವನು ಹೇಳುವುದು ನಿಮ್ಮ ನೆನಪಿಗೆ ಹೊಂದದಿದ್ದರೆ ಎರಡನ್ನೂ ಬರೆಯಿರಿ.

1969ರಲ್ಲಿ, ಗಾಂಧಿ ಜನ್ಮಶತಾಬ್ದಿಯ ವರ್ಷ, 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಎನ್‌ಎಸ್‌ಎಸ್ ಯೋಜನೆಯಲ್ಲಿ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ ಲೆಕ್ಕಕ್ಕೆ ಸಿಗುತ್ತದೆ, ದಿನಚರಿಯಲ್ಲಿ ದಾಖಲಾಗುತ್ತದೆ. ನಿಮ್ಮ ಗಂಟೆಗಳು ಬೇಕಾದಷ್ಟಿವೆ. ‘ನನಗಲ್ಲ, ನಿನಗೆ’ ಎಂಬ ಅದರ ಧ್ಯೇಯವಾಕ್ಯವನ್ನು ನೀವು ದುಡಿಮೆಯೆಲ್ಲ ನನಗಿರಲಿ ಎಂದು ಓದಿಕೊಂಡಿರಿ. ಕಲಿಯುವ ಅವಕಾಶವೂ ಆ ‘ನಿನಗೆ’ ಸೇರಬೇಕಿತ್ತು ಎಂಬುದು ಅಂದು ಹೊಳೆಯಲಿಲ್ಲ. ಅಡುಗೆಮನೆಯ ಗೋಡೆಗೆ ಅಂಟಿಸಿದ್ದ ಪಾಳಿ ಪಟ್ಟಿ ಇನ್ನೂ ನಿಮ್ಮ ಬಳಿ ಇದ್ದರೆ, ಯಾರ ಹೆಸರು ಹೊಡೆದು ಎಲ್ಲೆಲ್ಲಿ ನಿಮ್ಮ ಹೆಸರು ಬರೆದಿರೆಂದು ನೋಡಿ, ಆ ಹಾಳೆಯನ್ನೂ ಬರಹದ ಹಿಂದೆ ಪಿನ್ನು ಹಾಕಿ ಕೊಡಿ.