ಪಿಜ್ಜಾ ತಂದೋರಿಗೆ ಟಿಪ್ಸ್ ಕೊಡ್ಬೇಕಾ?

ಪ್ರಶ್ನೆ: ಸಾರ್, ಮಗ ಸೊಸೆ ಡಲ್ಲಾಸ್ ಹತ್ರ ಇದಾರೆ, ಮೊಮ್ಮಗೂನ ನೋಡೋಕೆ ಅಂತ ನಾವಿಬ್ರೂ ಮೈಸೂರಿಂದ ಬಂದಿದೀವಿ. ಮೊನ್ನೆ ಪಿಜ್ಜಾ ತರಿಸಿದ್ರು. ಬಿಲ್ಲಲ್ಲಿ ಡೆಲಿವರಿ ಚಾರ್ಜ್ ಅಂತ 5 ಡಾಲರ್ ಆಗ್ಲೇ ಹಾಕಿದ್ರು, ಅದರ ಮೇಲೆ ಮಗ ಮತ್ತೆ 6 ಡಾಲರ್ ಟಿಪ್ಸ್ ಕೊಟ್ಟ. ನಮ್ಮೆಜಮಾನ್ರು ದುಡ್ಡಿನ ಬೆಲೆ ಗೊತ್ತಿಲ್ಲ ನಿಂಗೆ ಅಂತ ರೇಗಿದ್ರು, ಅಪ್ಪ ಮಗ ಸರಿಯಾಗಿ ಮಾತಾಡ್ತಿಲ್ಲ. ನೀವು ಟೆಕ್ಸಾಸಲ್ಲಿ ಪಿಜ್ಜಾ ಡೆಲಿವರಿ ಮಾಡ್ತಿದ್ರಿ ಅಂತ ಹಿಂದೊಮ್ಮೆ ಬರ್ದಿದ್ರಿ. ಯಾರು ಸರಿ ಹೇಳಿ.
– ಓದುಗರು, ಸದ್ಯ ಡಲ್ಲಾಸ್

ಉತ್ತರ: ಅಮ್ಮ, ನಿಮ್ಮ ಮಗನೇ ಸರಿ. ಆ ಡೆಲಿವರಿ ಚಾರ್ಜ್ ಅಂಗಡಿಗೆ ಹೋಗೋದು, ತಂದುಕೊಟ್ಟ ಹುಡುಗನಿಗಲ್ಲ. ಇದು ಡ್ರೈವರ್‌ಗೆ ಕೊಡೋ ಟಿಪ್ಸ್ ಅಲ್ಲ ಅಂತ ದೊಡ್ಡ ಕಂಪನಿಗಳು ಬರ್ದೇ ಇರ್ತಾರೆ, ಸಣ್ಣಕ್ಷರದಲ್ಲಿ, ಯಾರೂ ಓದಲ್ಲ.

ಯಜಮಾನ್ರಿಗೆ ಈ ಲೆಕ್ಕ ಹೇಳಿ ನೋಡಿ. ಅಮೆರಿಕದ ಕೇಂದ್ರ ಕಾನೂನಲ್ಲಿ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಒಂದು ಸೆಂಟೂ ಏರಿಲ್ಲ. ಟಿಪ್ಸ್ ಸಿಗೋ ಕೆಲಸ ಅಂದ್ರೆ ಮಾಲೀಕ ತನ್ನ ಕೈಯಿಂದ 2.13 ಕೊಟ್ರೂ ನಡೆಯುತ್ತೆ, ಇದಂತೂ 1991ರ ರೇಟು, ಟೆಕ್ಸಾಸಲ್ಲಿ ಈಗ್ಲೂ ಇದೇ. ಟಿಪ್ಸ್ ಸೇರಿಸಿದ್ರೂ 7.25 ಮುಟ್ಟದಿದ್ರೆ ಬಾಕಿ ಮಾಲೀಕ ತುಂಬ್ಬೇಕು, ಅಷ್ಟೇ. ಕೆಲವು ಅಂಗಡೀಲಿ ಒಳಗೆ ಬಾಕ್ಸ್ ಮಡಚ್ತಾ ಇರೋವಾಗ ಒಂದು ಕೂಲಿ, ಕಾರು ಹತ್ತಿ ಹೊರಟ್ರೆ ಅದಕ್ಕಿಂತ ಕಮ್ಮಿ ಕೂಲಿ. ಅಂದ್ರೆ ಮನೆ ಬಾಗಿಲಿಗೆ ಬರೋ ಹೊತ್ತಲ್ಲೇ ಅವನ ಸಂಬಳ ಕಮ್ಮಿ ಇರುತ್ತೆ, ಅದನ್ನ ಗಿರಾಕಿ ತುಂಬ್ತಾನೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ.

ಇನ್ನು ಕಾರು ಅವನದೇ, ಪೆಟ್ರೋಲು, ಟೈರು, ಬ್ರೇಕು ಎಲ್ಲ ಅವನದೇ. ಕಾರು ಓಡಿಸೋ ಖರ್ಚು ಅಂತ ಅಲ್ಲಿನ ತೆರಿಗೆ ಇಲಾಖೆ 2025ಕ್ಕೆ ಮೈಲಿಗೆ 70 ಸೆಂಟ್ ಇಟ್ಟಿತ್ತು, ಹೋಗ್ತಾ ಬರ್ತಾ 6 ಮೈಲಿ ಆದ್ರೆ 4 ಡಾಲರ್ 20 ಸೆಂಟ್. ಅಂಗಡಿಯವರು ಒಂದಷ್ಟು ಕೊಡ್ತಾರೆ, ನಾನು ಕೆಲಸ ಮಾಡಿದ ಕಡೆ ಅದು ಯಾವತ್ತೂ ಸಾಲ್ತಿರಲಿಲ್ಲ. ಸ್ವಂತಕ್ಕೆ ಮಾಡಿಸಿದ ಇನ್ಶೂರೆನ್ಸ್ ಎಷ್ಟೋ ಸಲ ಡೆಲಿವರಿ ಮಾಡೋವಾಗ ಆದ ಆಕ್ಸಿಡೆಂಟಿಗೆ ಬರೋದೇ ಇಲ್ಲ.

ಯಾರು ಕೊಡ್ತಾರೆ ಯಾರು ಕೊಡಲ್ಲ ಅಂತ ಮನೆ ನೋಡಿ ಹೇಳೋಕಾಗಲ್ಲ ಅಮ್ಮ. ದೊಡ್ಡ ಗೇಟು, ಈಜುಕೊಳ ಇರೋ ಮನೇಲಿ ಚಿಲ್ಲರೆ ಎಣಿಸಿ ಇಸ್ಕೊಂಡು ಬಾಗಿಲು ಹಾಕ್ಕೊಂಡೋರು ಇದಾರೆ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸಮ್ಮ ಒಬ್ರು ಸಣ್ಣ ಅಪಾರ್ಟ್‌ಮೆಂಟಲ್ಲಿದ್ರು, 12 ಡಾಲರ್ ಪಿಜ್ಜಾಕ್ಕೆ 5 ಡಾಲರ್ ಕೈಗಿಟ್ಟು ಹುಷಾರಾಗಿ ಓಡಿಸಪ್ಪ ಅನ್ನೋರು. ತಾನೂ ಹಿಂದೆ ಟಿಪ್ಸ್ ನಂಬ್ಕೊಂಡು ಬದುಕಿದ್ದೋರು ಬೇಗ ಜೇಬಿಗೆ ಕೈ ಹಾಕ್ತಾರೆ ಅನ್ನೋದು ಮಾತ್ರ ಡ್ರೈವರ್‌ಗಳೆಲ್ಲ ಹೇಳೋ ಮಾತು. ಕೆಲವು ಮನೇಲಿ ಸರಿಯಾಗಿ ಎಣಿಸಿದ ದುಡ್ಡು ಕೊಟ್ಟು ಮಗೂನ ಬಾಗಿಲಿಗೆ ಕಳಿಸ್ತಾರೆ, ದೊಡ್ಡೋರು ಸೋಫಾ ಮೇಲೆ ಕೂತಿರೋದು ಕಾಣ್ತಾ ಇರುತ್ತೆ, ಮಗು ಹತ್ರ ಏನು ಕೇಳೋದು, ಥ್ಯಾಂಕ್ಸ್ ಹೇಳಿ ಬರ್ಬೇಕು.

ನಮ್ಮೋರ ಮನೆಗಳ ಬಗ್ಗೆನೂ ಹೇಳ್ಬೇಕು, ಬೇಜಾರು ಮಾಡ್ಕೋಬೇಡಿ. ಇಂಡಿಯನ್ಸ್ ಜಾಸ್ತಿ ಇರೋ ಬೀದಿಗೆ ಆರ್ಡರ್ ಬಂತು ಅಂದ್ರೆ ಜೊತೆಲಿದ್ದೋರು ಬೇಡಪ್ಪ ನೀನೇ ಹೋಗು ಅಂತ ನನ್ನ ಕಡೆ ತಳ್ಳೋರು. ನನಗೆ ಅದು ನೋವಾಗ್ತಿತ್ತು, ಯಾಕಂದ್ರೆ ಅಲ್ಲೇ ಹುಟ್ಟಿ ಬೆಳೆದ ಮಕ್ಕಳು ಚೆನ್ನಾಗೇ ಕೊಡೋರು, ಹೊಸದಾಗಿ ಬಂದೋರಿಗೆ ಮಾತ್ರ ಈ ಪದ್ಧತಿ ಯಾರೂ ಹೇಳಿಕೊಟ್ಟಿರಲ್ಲ. ಜಿಪುಣತನ ಅಲ್ಲ ಅದು. ಅದಕ್ಕೇ ನಿಮ್ಮ ಪ್ರಶ್ನೆ ನೋಡಿ ಇಷ್ಟು ಉದ್ದಕ್ಕೆ ಬರೀತಿದೀನಿ.

ಬಿಲ್ಲಿನ ನೂರಕ್ಕೆ 15ರಿಂದ 20 ಕೊಡಿ, ಸಣ್ಣ ಬಿಲ್ಲಾದ್ರೆ 4-5 ಡಾಲರಿಗೆ ಕಮ್ಮಿ ಬೇಡ. ಕತ್ತಲಾದ್ಮೇಲೆ ತರಿಸಿದ್ರೆ ಹೊರಗಿನ ಲೈಟ್ ಹಾಕಿಡಿ, ಮನೆ ನಂಬರ್ ಕಾಣದೆ ಬೇರೆಯವರ ಅಂಗಳದಲ್ಲಿ ಅಲೆಯೋದು ಆ ದೇಶದಲ್ಲಿ ಭಯದ ಕೆಲಸ. ನೂರು ಡಾಲರ್ ನೋಟು ಕೊಡ್ಬೇಡಿ, ದರೋಡೆ ಭಯಕ್ಕೆ ಡ್ರೈವರ್ ಹತ್ರ 20 ಡಾಲರಿಗಿಂತ ಜಾಸ್ತಿ ಚಿಲ್ಲರೆ ಇಟ್ಕೋಬಾರ್ದು ಅಂತ ಎಷ್ಟೋ ಅಂಗಡೀಲಿ ರೂಲ್ಸ್ ಇದೆ.

ಪ್ರಶ್ನೆ: ನಮ್ಮ ಆಫೀಸಿಗೆ 300 ಡಾಲರ್ ಪಿಜ್ಜಾ ತರಿಸ್ತೀವಿ. ಅದಕ್ಕೂ 15 ಪರ್ಸೆಂಟ್ ಅಂದ್ರೆ 45 ಡಾಲರ್ ಆಗುತ್ತೆ, ಜಾಸ್ತಿ ಅಲ್ವಾ?
– ಓದುಗರು, ಆಸ್ಟಿನ್

ಉತ್ತರ: ಜಾಸ್ತಿ ಅಲ್ಲ ಸಾರ್. ಅಷ್ಟು ಪಿಜ್ಜಾ ಅಂದ್ರೆ ಮೂರ್ನಾಲ್ಕು ಬಿಸಿ ಬ್ಯಾಗು, ಕೋಲಾ ಬಾಟಲಿ, ಪಾರ್ಕಿಂಗಿಂದ ಲಿಫ್ಟಿಗೆ ಎರಡು ಮೂರು ಓಡಾಟ, ಸೆಕ್ಯುರಿಟಿ ಹತ್ರ ಹೆಸರು ಬರೆಸೋದು, ಅಷ್ಟರಲ್ಲಿ ಅವನು ಮೂರು ಮನೆಗೆ ಹೋಗಿ ಬರ್ತಿದ್ದ. ಆಫೀಸಿನೋರದ್ದೇ ನಮಗೆ ದೊಡ್ಡ ತಲೆನೋವು, ಕಾರ್ಡಲ್ಲಿ ಟಿಪ್ಸ್ ಸೇರಿಸೋಕೆ ನನಗೆ ಪರ್ಮಿಷನ್ ಇಲ್ಲ ಅಂತ ರಿಸೆಪ್ಷನ್‌ನಲ್ಲಿದ್ದೋರು ಹೇಳೋರು, ಪರ್ಮಿಷನ್ ಇದ್ದೋರು ಮೀಟಿಂಗಲ್ಲಿರೋರು. ಆರ್ಡರ್ ಮಾಡೋವಾಗ್ಲೇ ಸೇರಿಸಿಬಿಡಿ.

ಪ್ರಶ್ನೆ: ಬೆಂಗಳೂರಲ್ಲೂ ನೂರಕ್ಕೆ 20 ಕೊಡ್ಬೇಕಾ?
– ಓದುಗರು, ರಾಜಾಜಿನಗರ

ಉತ್ತರ: ಇಲ್ಲಿ ಆ ಲೆಕ್ಕ ಇಲ್ಲ, ಯಾರೂ ಅಷ್ಟು ಕೇಳೋದೂ ಇಲ್ಲ. ಆದ್ರೆ ಆ್ಯಪಲ್ಲಿ ದುಡಿಯೋ ಹುಡುಗ್ರ ಬೈಕು, ಪೆಟ್ರೋಲು ಇಲ್ಲೂ ಸಾಮಾನ್ಯವಾಗಿ ಅವರದೇ. ಅವರಿಗೋಸ್ಕರ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದಿದೆ, ಪ್ರತಿ ವಹಿವಾಟಲ್ಲಿ ಅವರಿಗೆ ಸಿಗೋ ಹಣದ ಮೇಲೆ ನೂರಕ್ಕೆ 1ರಿಂದ 5ರಷ್ಟು ಕಂಪನಿಗಳು ಕಲ್ಯಾಣ ನಿಧಿಗೆ ಕಟ್ಬೇಕು. ಅದು ಒಳ್ಳೇದೇ, ಆದ್ರೆ ಇವತ್ತಿನ ಪೆಟ್ರೋಲಿಗೆ ಆಗಲ್ಲ. 20-30 ರೂಪಾಯಿ ಕೊಡಿ, ಮಳೇಲಿ ನೆನ್ಕೊಂಡು ಬಂದ್ರೆ 50 ಕೊಡಿ, ಚಿಲ್ಲರೆ ಇಲ್ದಿದ್ರೆ ಫೋನಲ್ಲೇ ಹಾಕಿ. ಮತ್ತೆ ನಿಮ್ಮ ಅಪಾರ್ಟ್‌ಮೆಂಟಲ್ಲಿ ಡೆಲಿವರಿ ಹುಡುಗ್ರು ಲಿಫ್ಟ್ ಹತ್ತಬಾರ್ದು ಅಂತ ಬೋರ್ಡ್ ಇದ್ರೆ ಮುಂದಿನ ಅಸೋಸಿಯೇಷನ್ ಮೀಟಿಂಗಲ್ಲಿ ಎದ್ದು ನಿಂತು ಅದನ್ನ ತೆಗೆಸಿ.