‘ಅಪ್’ ಎಂದು ಕೊಟ್ಟರೆ ಒಳಗೆ ಏನು ನಡೆಯುತ್ತದೆ?

ನಮಸ್ಕಾರ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡ ಹಳೇ ಲ್ಯಾಪ್‌ಟಾಪಿನ ಉಬುಂಟುವಿನಲ್ಲಿ (ವಿಂಡೋಸ್‌ನಂಥ ಒಂದು ಆಪರೇಟಿಂಗ್ ಸಿಸ್ಟಮ್) ಟರ್ಮಿನಲ್ ತೆರೆದು, ಅಂದರೆ ಕಮಾಂಡ್ ಟೈಪ್ ಮಾಡುವ ವಿಂಡೋದಲ್ಲಿ, ‘ಅಪ್’ (up) ಎಂದು ಕೊಟ್ಟರೆ ಸಿಸ್ಟಮ್ ಅಪ್‌ಡೇಟ್ ಆಗುತ್ತದೆ, ಅದಕ್ಕೂ ಮೊದಲು ‘ಸುಡೋ’ (ಅಡ್ಮಿನ್ ಅಧಿಕಾರದಿಂದ ಕಮಾಂಡ್ ನಡೆಸುವ ಪದ) ಸೇರಿಸಿದರೆ ಮಾತ್ರ ಕಮಾಂಡ್ ಸಿಗಲಿಲ್ಲ ಎನ್ನುತ್ತದೆ, ಯಾಕೆ ಎಂದು ಕೇಳಿದ್ದೀರಿ.

‘ಅಪ್’ ಏಲಿಯಾಸ್, ಅಂದರೆ ಹಿಂದಿನವರು ಇಟ್ಟ ಅಡ್ಡಹೆಸರು. ಅದನ್ನು ಬಿಡಿಸಿ ಪೂರ್ತಿ ಕಮಾಂಡ್ ಮಾಡುವುದು ಬ್ಯಾಶ್, ಅಂದರೆ ನೀವು ಟೈಪ್ ಮಾಡಿದ್ದನ್ನು ಓದಿ ನಡೆಸುವ ಪ್ರೋಗ್ರಾಂ. ಅದೂ ಸಾಮಾನ್ಯವಾಗಿ ಅಡ್ಡಹೆಸರು ಕಮಾಂಡಿನ ಮೊದಲ ಪದವಾಗಿದ್ದರೆ ಮಾತ್ರ. ಸುಡೋಗೆ ಆ ಅಡ್ಡಹೆಸರು ಗೊತ್ತಿಲ್ಲ. ‘ಟೈಪ್’ (type) ಎನ್ನುವ ಕಮಾಂಡಿನ ನಂತರ ಜಾಗ ಬಿಟ್ಟು ‘ಅಪ್’ ಬರೆದು ಎಂಟರ್ ಒತ್ತಿ. ಅದರ ಹಿಂದಿರುವ ಪೂರ್ತಿ ಕಮಾಂಡ್ ಕಾಣುತ್ತದೆ.

ಅಲ್ಲಿ ಸಾಮಾನ್ಯವಾಗಿ ಆಪ್ಟ್‌ನ, ಅಂದರೆ ಉಬುಂಟುವಿನಲ್ಲಿ ಸಾಫ್ಟ್‌ವೇರ್ ತರುವ ಸಾಧನದ, ಎರಡು ಕೆಲಸ ಇರುತ್ತವೆ. ‘ಆಪ್ಟ್ ಅಪ್‌ಡೇಟ್’ ಯಾವ ಸಾಫ್ಟ್‌ವೇರನ್ನೂ ಬದಲಿಸುವುದಿಲ್ಲ. ಮಾರ್ಕೆಟ್ಟಿಗೆ ಹೊರಡುವ ಮುಂಚೆ ಇವತ್ತು ಏನೇನು ಬಂದಿದೆ ಅಂತ ಫೋನಿನಲ್ಲಿ ಕೇಳಿಕೊಳ್ತೀವಲ್ಲ, ಹಾಗೆ. ಪಟ್ಟಿ ಮಾತ್ರ ಹೊಸದಾಗುತ್ತದೆ. ಸಾಮಾನು ಮನೆಗೆ ತರುವುದು ‘ಆಪ್ಟ್ ಅಪ್‌ಗ್ರೇಡ್’. ಪಟ್ಟಿ ಹಳೆಯದಾಗಿದ್ದರೆ ಅಪ್‌ಗ್ರೇಡಿಗೆ ಹೊಸ ಆವೃತ್ತಿ ಬಂದಿರುವುದೇ ತಿಳಿಯುವುದಿಲ್ಲ. ಅದಕ್ಕೇ ಈ ಕ್ರಮ. ನಡುವೆ ‘&&’, ಅಂದರೆ ಎರಡು ಆಂಪರ್‌ಸ್ಯಾಂಡ್ ಇದ್ದರೆ, ಮೊದಲನೆಯದು ಸರಿಯಾಗಿ ಮುಗಿದರಷ್ಟೇ ಎರಡನೆಯದು ಶುರುವಾಗುತ್ತದೆ.

ಒಂದು ವಿಷಯ ಮಾತ್ರ ಗಮನವಿಟ್ಟು ನೋಡಿ. ‘ಫುಲ್ ಅಪ್‌ಗ್ರೇಡ್’ ಇದ್ದರೆ ಅದು ಬೇಕಾದಾಗ ಕೆಲವು ಪ್ಯಾಕೇಜುಗಳನ್ನು (ಸಾಫ್ಟ್‌ವೇರ್ ಕಟ್ಟುಗಳನ್ನು) ತೆಗೆದೂ ಹಾಕುತ್ತದೆ. ಬರೀ ‘ಅಪ್‌ಗ್ರೇಡ್’ ಹಾಗೆ ಮಾಡುವುದಿಲ್ಲ. ಜೊತೆಗೆ ‘ಹೈಫನ್ ವೈ’ (-y) ಇದ್ದರೆ ನಿಮ್ಮನ್ನು ಕೇಳುವುದೂ ಇಲ್ಲ. ಹೊಸಬರಿಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ನಿಮ್ಮ ಹೋಮ್ ಫೋಲ್ಡರಿನ ‘.ಬ್ಯಾಶ್‌ಆರ್‌ಸಿ’ ಅಥವಾ ‘.ಬ್ಯಾಶ್_ಏಲಿಯಾಸಸ್’ ಫೈಲಿನಲ್ಲಿ ‘ಅಪ್’ ಅಡ್ಡಹೆಸರಿನ ಸಾಲು ಸಾಮಾನ್ಯವಾಗಿ ಸಿಗುತ್ತದೆ. ತಿದ್ದಿ, ಸೇವ್ ಮಾಡಿ, ಹೊಸ ಟರ್ಮಿನಲ್ ತೆರೆಯಿರಿ.