ಯೆಜ್ಡಿ ರೋಡ್‌ಕಿಂಗ್ ಪಿಸ್ಟನ್ ಬೇಕಾ? ಮೊದಲು ಬ್ಲಾಕ್ ಅಳೆಸಿ

ಅಪ್ಪನ 1985ರ ರೋಡ್‌ಕಿಂಗ್ ಬೈಕ್ ಸೀಜ್ ಆಗಿದೆ (ಪಿಸ್ಟನ್ ಒಳಗೇ ಕಚ್ಚಿಕೊಂಡಿದೆ), ಕಲಬುರಗಿಯಲ್ಲಿ ಪಿಸ್ಟನ್ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ನನ್ನ ಹತ್ತಿರವೂ ಅದೇ ಗಾಡಿ ಇದೆ, ನಾನಿರುವುದೂ ಇದೇ ಊರಲ್ಲಿ. ಪಿಸ್ಟನ್ ಈಗಲೇ ತರಿಸಬೇಡಿ.

ನಾನು ಆ ತಪ್ಪು ಮಾಡಿದ್ದೆ. ಎಂಜಿನ್ ಬಿಚ್ಚಿದಾಗ ಹಳೆ ಪಿಸ್ಟನ್ ತಲೆ ಮೇಲೆ 50 ಅಂತ ಇತ್ತು. ಅದೇ ನಂಬರಿನದ್ದು ಫೋನಲ್ಲೇ ಹೇಳಿ ತರಿಸಿದೆ. ಲೇತ್ ಅಂಗಡಿಯ ಉಸ್ತಾದ್ ಬ್ಲಾಕಿನೊಳಗೆ, ಅಂದರೆ ಪಿಸ್ಟನ್ ಓಡಾಡುವ ಸಿಲಿಂಡರಿನೊಳಗೆ, ಗೇಜ್ ಇಳಿಸಿ ಮೇಲೆ, ನಡುವೆ, ಕೆಳಗೆ ಅಳೆದರು. ಆಮೇಲೆ ನಕ್ಕರು. "ಬ್ಲಾಕ್ ಸವದದ ರೀ ಸರ. ಇದು ಹಾಕಿದ್ರ ಒಳಗ ಗಡಗಡ ಅಂತದ. 75ರದ ತರ್ರಿ."

ವಿಷಯ ಇಷ್ಟೇ. ಈ ಗಾಡಿಯ ಬೋರ್, ಅಂದರೆ ಸಿಲಿಂಡರಿನ ಒಳ ಅಗಲ, ಹೊಸತರಲ್ಲಿ 65 ಮಿ.ಮೀ. 50 ಅಂದರೆ ಅದಕ್ಕಿಂತ ಅರ್ಧ ಮಿ.ಮೀ. ದಪ್ಪದ ಪಿಸ್ಟನ್, 75 ಅಂದರೆ ಮುಕ್ಕಾಲು ಮಿ.ಮೀ. ದಪ್ಪದ್ದು. ಬ್ಲಾಕ್ ಸವೆದಿದ್ದರೆ ಮುಂದಿನ ಸೈಜಿಗೇ ಹೋಗಬೇಕು. ಅಳೆಸಿ, ಸೈಜ್ ಗೊತ್ತುಮಾಡಿಕೊಂಡು ಪಿಸ್ಟನ್ ತನ್ನಿ. ಅದನ್ನು ಉಸ್ತಾದ್ ಕೈಗೆ ಕೊಟ್ಟ ಮೇಲೇ ಬೋರ್ ಹೊಡೆಸಿ, ಅಂದರೆ ಆ ಪಿಸ್ಟನ್ ಅಳತೆಗೆ ಬ್ಲಾಕ್ ಕೊರೆಸಿ.

ಇನ್ನು ಎಲ್ಲಿ ಅಂದರೆ, ಬೆಂಗಳೂರಿನ ಜೆ.ಸಿ. ರೋಡ್, ಇಲ್ಲಾ ಹೈದರಾಬಾದ್ ಕಡೆಯ ರಾಣಿಗಂಜ್. ನಮಗೆ ಹೈದರಾಬಾದೇ ಹತ್ತಿರ ಅಲ್ವಾ. ಹಳೆ ಪಿಸ್ಟನ್, ಪಿನ್, ರಿಂಗು ಎಲ್ಲಾ ಚೀಲದಲ್ಲಿ ಹಾಕಿಕೊಂಡು ಹೋಗಿ, ಪಕ್ಕದಲ್ಲಿಟ್ಟು ನೋಡಿಯೇ ದುಡ್ಡು ಕೊಡಿ. ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಹಾಗಾಗಿ "ಒರಿಜಿನಲ್" ಅಂತ ಯಾರೇ ಹೇಳಿದರೂ ಸ್ವಲ್ಪ ಅನುಮಾನ ಇಟ್ಟುಕೊಳ್ಳಿ. ಹೊಸ ಯೆಜ್ಡಿ ಶೋರೂಮಿಗೆ ಸುಮ್ನೆ ಅಲೆಯಬೇಡಿ. ಅದು ಫೋರ್ ಸ್ಟ್ರೋಕ್, ನಮ್ಮದು ಟೂ ಸ್ಟ್ರೋಕ್.

ಬೇರಿಂಗ್, ಆಯಿಲ್ ಸೀಲ್‌ಗೆ ಇಷ್ಟು ದೂರ ಹೋಗುವುದೇ ಬೇಡ. ಬೇರಿಂಗ್ ಮೇಲೆ ನಂಬರ್ ಇರುತ್ತದೆ. 6205 ಅಂತಿದ್ದರೆ ಅದು ಪಂಪ್‌ಸೆಟ್ಟಿನದಾಗಲಿ, ಯೆಜ್ಡಿದಾಗಲಿ, ಒಳಗೆ 25, ಹೊರಗೆ 52, ಅಗಲ 15 ಮಿ.ಮೀ. ಸೀಲಿನ ಮೇಲೂ ಹೀಗೇ ಮೂರು ಅಳತೆ ಇರುತ್ತವೆ. ಊರಿನ ಬೇರಿಂಗ್ ಅಂಗಡಿಯಲ್ಲಿ ಯೆಜ್ಡಿ ಅಂತ ಹೇಳಲೇಬೇಡಿ, ಹೇಳಿದರೆ "ಇಲ್ಲ" ಅಂತಾರೆ. ನಂಬರ್ ಹೇಳಿ.

ಸೀಲ್ ಮಾತ್ರ ಬಿಡಬೇಡಿ. ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟಿನ ಆಯಿಲ್ ಸೀಲ್) ಗಟ್ಟಿಯಾಗಿ ಬಿರುಕು ಬಿಟ್ಟರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ, ಪೆಟ್ರೋಲು–ಆಯಿಲಿನ ಪಾಲು ಕಡಿಮೆಯಾಗುತ್ತದೆ, ಎಂಜಿನ್ ವಿಪರೀತ ಕಾಯುತ್ತದೆ. ನಮ್ಮ ಮೇ ತಿಂಗಳ ಬಿಸಿಲು ಬೇರೆ. ನಿಮ್ಮ ಗಾಡಿ ಸೀಜ್ ಆಗಿದ್ದು ಇದರಿಂದಲೇ ಆಗಿದ್ದರೆ ಹೊಸ ಪಿಸ್ಟನ್ನೂ ಹಾಗೇ ಹೋಗುತ್ತದೆ.

ಅಂದಹಾಗೆ, ನನ್ನ 50ರ ಪಿಸ್ಟನ್ ಇನ್ನೂ ಡಬ್ಬಿಯಲ್ಲೇ ಇದೆ. ನಿಮ್ಮ ಬ್ಲಾಕ್ 50ಕ್ಕೆ ಬಂದರೆ ಇಲ್ಲೇ ಹೇಳಿ, ಕೊಂಡ ರೇಟಿಗೇ ಕೊಡುತ್ತೇನೆ.